ಕಾಕಾ, ಕೈ ಮ್ಯಾಲ ಕುಂಡ್ರಿ

ರೇಣುಕಾ ನಮ್ಮ ಮನೆಗೆ ಬಂದ ಮೊದಲ ದಿನವೇ ನನ್ನನ್ನು ನನ್ನ ಕೈಗಳ ಮೇಲೆ ಕೂರಿಸಿದಳು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕೂರಿಸಿದಳು. ಎರಡೂ ಅಂಗೈಗಳನ್ನು ಸೋಫಾದ ಮೇಲೆ ಚಪ್ಪಟೆಯಾಗಿ ಇಟ್ಟು, ಅವುಗಳ ಮೇಲೆ ಮೈಭಾರ ಹಾಕಿ ಅಲುಗದೆ ಕುಳಿತಿರಬೇಕು. ಬ್ಯಾಂಕಿನಲ್ಲಿ ಮ್ಯಾನೇಜರ್ ಎನಿಸಿಕೊಂಡವನು, ನಾಲ್ಕು ಶಾಖೆಗಳನ್ನು ಗದರಿಸಿ ನಡೆಸಿದವನು, ಮಗಳ ವಯಸ್ಸಿನ ಒಬ್ಬ ಹುಡುಗಿಯ ಮುಂದೆ ಹಾಗೆ ಕುಳಿತಿದ್ದೆ. ಎದುರಿಗೆ ನನ್ನ ಹೆಂಡತಿ ಗಿರಿಜಾ ಎಡಗೈ ಒಂದರಿಂದಲೇ ಒಂದು ಬಿಸ್ಕತ್ತಿನ ಪ್ಯಾಕೆಟ್ಟು ಬಿಚ್ಚುತ್ತಿದ್ದಳು. ಅವಳಿಗೆ ಲಕ್ವಾ ಹೊಡೆದು ಮೂರು ತಿಂಗಳಾಗಿತ್ತು. ಒಂದು ಪ್ಯಾಕೆಟ್ಟು ಬಿಚ್ಚಲು ಹನ್ನೊಂದು ನಿಮಿಷ ಹಿಡಿಯಿತು, ಗೋಡೆಯ ಗಡಿಯಾರವೇ ಸಾಕ್ಷಿ. ನಾನು ಸ್ವಲ್ಪ ಮಿಸುಕಿದರೂ ಸಾಕು, ರೇಣುಕಾ ನನ್ನ ಕಡೆ ತಿರುಗಿಯೂ ನೋಡದೆ, “ಕಾಕಾ, ಕೈ ಮ್ಯಾಲ ಕುಂಡ್ರಿ” ಎನ್ನುತ್ತಿದ್ದಳು.

ನಾವು ವಿಜಯಪುರದವರು. ಬ್ಯಾಂಕು ನನ್ನನ್ನು ನಾಸಿಕಕ್ಕೆ ವರ್ಗ ಮಾಡಿ ನಾಲ್ಕು ವರ್ಷವಾಗಿತ್ತು. ಒಂದು ಬೆಳಿಗ್ಗೆ ಗಿರಿಜಾ ಚಹಾದ ಕಪ್ಪು ಕೈಬಿಟ್ಟಳು. ಕಪ್ಪು ಬಿದ್ದದ್ದಕ್ಕೆ ನಾನು ಬೈದೆ. ಆ ಬೈಗುಳ ಈಗಲೂ ನೆನಪಾದರೆ ನಾಲಿಗೆ ಕಡಿದುಕೊಳ್ಳಬೇಕು ಅನಿಸುತ್ತದೆ. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮಾತು ತಿರುಗಿ ಬಂದಿತ್ತು, ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದಳು. ಬಲಗೈ ಮಾತ್ರ ಮೈಗೆ ಸಂಬಂಧವಿಲ್ಲದಂತೆ ತೂಗಾಡುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ ಕೈಯಲ್ಲಿ ಜೀವ ಇದೆ, ಬಳಸಬೇಕು ಅಂದರು. ಆದರೆ ಗಿರಿಜಾ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡುಬಿಟ್ಟಳು. ಅದನ್ನು “ನನ್ನ ಕೈ” ಎನ್ನುವುದನ್ನೇ ಬಿಟ್ಟು “ಅದು” ಎನ್ನತೊಡಗಿದಳು. ಎಡಗೈಯಿಂದ ಉಣ್ಣು ಎಂದರೆ, “ಎಡಗೈಲೆ ಉಣ್ಣಾಕ ನಾ ಏನು ಲಜ್ಜೆ ಬಿಟ್ಟಾಕಿ ಏನ್ರಿ?” ಎಂದು ತಟ್ಟೆ ಸರಿಸುತ್ತಿದ್ದಳು. ಕೊನೆಗೆ ಬಾಗಿಲು ಹಾಕಿಕೊಂಡು ನಾನೇ ಚಮಚದಿಂದ ಉಣಿಸುತ್ತಿದ್ದೆ. ಯಾರಾದರೂ ಬಂದರೆ ಹಸಿವಿಲ್ಲ ಎಂದು ಕುಳಿತುಬಿಡುವಳು. ನಾಲ್ಕು ಮಂದಿಯ ಎದುರು ಆ ಕೈ ಹೊರಗೆ ಬರದಿದ್ದರೆ ಇವಳು ಮನೆಯಿಂದಲೇ ಹೊರಗೆ ಬರುವುದಿಲ್ಲ ಅನ್ನುವುದು ನನಗೆ ಗೊತ್ತಾಗಿತ್ತು. ಏನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ.

ಆಗ ಡಾಕ್ಟರು ರೇಣುಕಾಳ ಹೆಸರು ಬರೆದುಕೊಟ್ಟರು. ಹೆಸರಿನ ಕೆಳಗೆ ‘ಆಕ್ಯುಪೇಷನಲ್ ಥೆರಪಿಸ್ಟ್’ ಎಂದಿತ್ತು. ಆಕ್ಯುಪೇಷನ್ ಎಂದರೆ ಉದ್ಯೋಗ ಎಂದಷ್ಟೇ ತಿಳಿದಿದ್ದ ನಾನು, ಆಕೆ ಬಾಗಿಲಲ್ಲಿ ನಿಂತಾಗ, “ಏನವ್ವಾ, ನಮ್ಮ ಮನಿಯಾಕಿಗೆ ನೌಕರಿ ಕೊಡಸ್ತೀಯೇನು?” ಎಂದು, ಆಕೆಗೆ ತಿಳಿಯಲಿಕ್ಕಿಲ್ಲ ಎಂಬ ಧೈರ್ಯದಲ್ಲಿ, ಕನ್ನಡದಲ್ಲೇ ಚೇಷ್ಟೆ ಮಾಡಿದೆ.

“ಹೌದ್ರಿ ಕಾಕಾ, ನೌಕರಿನಽ ಕೊಡಸ್ತೀನಿ. ಪಗಾರ ಇಲ್ಲ, ರವಿವಾರದ ಸೂಟಿನೂ ಇಲ್ಲ” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಕನ್ನಡ ಕೇಳಿ ನನಗೆ ಆಶ್ಚರ್ಯ. ಆಕೆಯ ತಂದೆ ಯಾದಗಿರಿ ಕಡೆಯಿಂದ ನಾಸಿಕಕ್ಕೆ ಗೌಂಡಿ ಕೆಲಸಕ್ಕೆ ಬಂದವರು. ತಾಯಿ ಅದೇ ಕಟ್ಟಡಗಳಲ್ಲಿ ಇಟ್ಟಂಗಿ ಹೊತ್ತವರು. ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆಳೆದು, ಮರಾಠಿ ಶಾಲೆಯಲ್ಲಿ ಓದಿ, ಈ ವಿದ್ಯೆ ಕಲಿತು, ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ಒಂದು ಕೋಣೆ ಹಿಡಿದು ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಕನ್ನಡ ಓದಲು ಬಾರದು. ಮಾತಾಡುವಾಗ ಅರ್ಧ ಯಾದಗಿರಿ, ಅರ್ಧ ಮರಾಠಿ. ನಾನು ಆಕೆಗೆ ಕಾಕಾ, ಗಿರಿಜಾ ಕಾಕು. ಆದರೆ ‘ರಿ’ ಹಚ್ಚುವುದರಲ್ಲಿ ಮಾತ್ರ ಬಲು ಧಾರಾಳಿ. ಗಿರಿಜಾಳ ಕೈಗೂ ‘ರಿ’ ಹಚ್ಚಿಯೇ ಮಾತಾಡುತ್ತಿದ್ದಳು. “ಬರ್ರಿ, ಬರ್ರಿ, ಸಾವಕಾಶ ಬರ್ರಿ. ಹಾಂ, ಅಲ್ಲೇ ನಿಂದರ್ರಿ” ಎಂದು ಆ ಸತ್ತಂತಿದ್ದ ಬೆರಳುಗಳನ್ನು ಬೀಗರನ್ನು ಕರೆದಂತೆ ಕರೆಯುತ್ತಿದ್ದಳು.

“ಕೈಗೇನು ಅಷ್ಟು ಮರ್ಯಾದಿ?” ಎಂದು ಒಮ್ಮೆ ಕೇಳಿದೆ.

“ನಮ್ಮಪ್ಪ ಗ್ವಾಡಿ ಕಟ್ಯಾನ, ನಮ್ಮವ್ವ ಇಟ್ಟಂಗಿ ಹೊತ್ತಾಳ. ನಮ್ಮ ಮನ್ಯಾಗ ಕೈ ಅಂದ್ರ ದೊಡ್ಡ ಮಂದೀರಿ ಕಾಕಾ” ಎಂದಳು. ಆಮೇಲೆ ತಾನೇ ನಕ್ಕು ಮುಂದಿನದನ್ನು ಹೇಳಿದಳು. ಆಕೆ ಸಣ್ಣವಳಿದ್ದಾಗ ಅಪ್ಪ ಗೋಡೆಗೆ ಕಟ್ಟಿದ ಬಿದಿರಿನ ಪರಾಂಚಿಯಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದರಂತೆ. ಮೂಳೆ ಕೂಡಿದ ಮೇಲೂ ಬೆರಳು ಮಡಚುತ್ತಿರಲಿಲ್ಲ. “ದವಾಖಾನ್ಯಾಗ ರಬ್ಬರ್ ಚೆಂಡು ಕೊಟ್ಟು ಹಿಚುಕು ಅಂದ್ರು. ಮೂರು ದಿನಾ ಹಿಚುಕಿ ಗಟಾರದಾಗ ಒಗದ. ನಮ್ಮವ್ವ ಒಂದು ಬುಟ್ಟಿ ಸಿಮೆಂಟಿನ ಗಿಲಾವು ಕಲಸಿ, ಅವನ ಗೌಂಡಿ ಥಾಪಿ ಅವನ ಕೈಯಾಗ ಕೊಟ್ಟು, ಹಿಂದಿನ ಗ್ವಾಡಿ ಸೋರತೈತಿ, ಬಳೀ ಅಂದಳು. ಬಳಕೋತ ಬಳಕೋತ ಬೆರಳು ಮಡಚಿದ್ವು. ನಮ್ಮವ್ವಗ ಶಾಲಿ ಗೊತ್ತಿಲ್ರಿ. ನಾ ನಾಕು ವರ್ಷ ಓದಿದ್ದು ಅದನ್ನಽ.”

ಆಕೆಯ ಸ್ಕೂಟರಿನ ಡಿಕ್ಕಿಯಲ್ಲಿ ಮದ್ದು ಮಾತ್ರೆ ಏನೂ ಇರುತ್ತಿರಲಿಲ್ಲ. ಹಳೇ ಬೀಗ, ಚಿಲಕ, ದೊಡ್ಡ ಗುಂಡಿಯ ಒಂದು ಅಂಗಿ, ಬಟ್ಟೆಯ ಕ್ಲಿಪ್ಪುಗಳು, ಮುಚ್ಚಳ ಬಿಗಿಯಾದ ಟಿಫಿನ್ ಡಬ್ಬಿ, ಲಟ್ಟಣಿಗೆ, ಒಂದು ಹರಕು ಪರ್ಸು. ನಮ್ಮ ಸೊಸೈಟಿಯ ವಾಚಮನ್ ಆಕೆಯನ್ನು ಗುಜರಿ ಸಾಮಾನು ಕೊಳ್ಳುವವಳೆಂದು ತಿಳಿದು ಎರಡು ಸಲ ಗೇಟಿನಲ್ಲೇ ತಡೆದಿದ್ದ. ಮೂರನೆಯ ಸಲ ಆಕೆ ಅವನ ಅಂಗಿಯ ಕಿತ್ತ ಗುಂಡಿಯನ್ನು ಅವನ ಕೈಯಿಂದಲೇ ಹಚ್ಚಿಸಿ ಒಳಗೆ ಬಂದಳು. ಅಲ್ಲಿಂದ ಮುಂದೆ ಅವನು ಸೆಲ್ಯೂಟ್ ಹೊಡೆಯತೊಡಗಿದ.

ನನ್ನ ತಪ್ಪನ್ನು ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ನಾನು ರಜೆ ಹಾಕಿ ಹೆಂಡತಿಯ ಸೇವೆಗೆ ನಿಂತಿದ್ದೆ. ಬ್ಯಾಂಕಿನವನು ಸೇವೆ ಮಾಡಿದರೆ ಹೇಗಿರುತ್ತದೆ? ಫ್ರಿಜ್ಜಿನ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿಸಿದ್ದೆ, ಸ್ಕೇಲು ಹಿಡಿದು ಗೆರೆ ಎಳೆದದ್ದು. ಆರಕ್ಕೆ ಹಲ್ಲುಜ್ಜಿಸುವುದು, ಆರೂಕಾಲಿಗೆ ಚಹಾ ಕುಡಿಸುವುದು, ಏಳಕ್ಕೆ ತಲೆ ಬಾಚುವುದು, ಹೀಗೆ ರಾತ್ರಿ ಹಾಸಿಗೆ ಹಾಸುವವರೆಗೆ. ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಚೌಕ. ನನಗೆ ಅದರ ಬಗ್ಗೆ ಸಣ್ಣ ಹೆಮ್ಮೆ ಇರಲಿಲ್ಲ, ದೊಡ್ಡ ಹೆಮ್ಮೆಯೇ ಇತ್ತು. ಮೊದಲ ದಿನವೇ ರೇಣುಕಾ ಅದನ್ನು ನನ್ನಿಂದ ಓದಿಸಿ ಕೇಳಿದಳು. ಪೂರ್ತಿ ಕೇಳಿದ ಮೇಲೆ, “ಭಾಳ ಛಲೋ ಅದ. ಇದರಾಗ ಕಾಕು ಎಲ್ಲಿದಾರ್ರಿ?” ಎಂದಳು.

“ಅಂದ್ರ?” ಎಂದು ಕೇಳಿದೆ.

“ಎಲ್ಲಾ ಕೆಲಸ ನಿಮ್ದಽ ಆತಲ್ರಿ. ಕಾಕು ಎದಕ್ಕ ಕೈ ಎತ್ತಬೇಕು? ನೀವು ಭಾಳ ಛಲೋ ಮಾಡ್ತೀರಿ ಕಾಕಾ. ಅದಕ್ಕಽ ಅವರ ಕೈ ಏಳವಲ್ದು.”

ನನಗೆ ಸಿಟ್ಟು ನೆತ್ತಿಗೇರಿತು. ನಿದ್ದೆಗೆಟ್ಟು ಮಾಡಿದ್ದಕ್ಕೆ ಇದು ಬಹುಮಾನವೇ? ಏನೋ ಗದರಲು ಬಾಯಿ ತೆರೆದೆ. ಅಷ್ಟರಲ್ಲಿ ಸೋಫಾದ ಮೂಲೆಯಿಂದ ಗಿರಿಜಾ, “ನಾನೂ ಅದನ್ನಽ ಅನ್ನೂದು. ನನ್ನ ಹಲ್ಲು ನಾ ತಿಕ್ಕೊಳ್ಳಾಕ ಬಿಟ್ಟಿಲ್ಲ ಈ ಮನಶ್ಯಾ” ಎಂದಳು. ಮೂರು ತಿಂಗಳಲ್ಲಿ ಅವಳು ನನ್ನ ಮೇಲೆ ಚಾಡಿ ಹೇಳಿದ್ದು ಅದೇ ಮೊದಲು. ರೇಣುಕಾ ವೇಳಾಪಟ್ಟಿಯನ್ನು ಕಿತ್ತು, ನಾಲ್ಕಾಗಿ ಮಡಚಿ ನನ್ನ ಜೇಬಿನಲ್ಲಿಟ್ಟಳು. ಕೈಗಳ ಮೇಲೆ ಕೂರುವ ಶಿಕ್ಷೆ ಅಂದೇ ಶುರುವಾದದ್ದು.

ಮರುದಿನ ಆಕೆಯ ಪ್ರಶ್ನೆ: “ಕಾಕುಗ ಯಾವ ಕೆಲಸ ಭಾಳ ಸೇರತೈತಿ?” ಗಿರಿಜಾ ಬಾಯಿ ತೆರೆಯುವ ಮೊದಲೇ ನಾನು, “ರೊಟ್ಟಿ! ಇವಳ ಕೈಯ ಜೋಳದ ರೊಟ್ಟಿ ಅಂದರೆ ನಮ್ಮ ಬಳಗದಲ್ಲೇ ಹೆಸರುವಾಸಿ” ಎಂದು ಸಾರಿದೆ. ರೇಣುಕಾ ಜೋಳದ ಹಿಟ್ಟು ತರಿಸಿ, ಬಿಸಿನೀರು ಹಾಕಿ ಕಲಸಿ, ಉಂಡೆಯನ್ನು ಗಿರಿಜಾಳ ಮುಂದಿಟ್ಟಳು. ಗಿರಿಜಾ ಎಡಗೈಯಿಂದ ಒಂದು ಸಲ ಬಡಿದಳು. ಎರಡನೆಯ ಸಲ ಕೈ ಎತ್ತಲೇ ಇಲ್ಲ. ಒಂದು ವಾರ ಇದೇ ನಡೆಯಿತು. ಎಂಟನೆಯ ದಿನ ಅವಳು ಎಡಗೈಯಿಂದ ಹಿಟ್ಟಿನ ಉಂಡೆಯನ್ನು ಎತ್ತಿ ಸಿಂಕಿನೊಳಗೆ ಒಗೆದಳು.

“ನನಗ ರೊಟ್ಟಿ ಬಡಿಯೂದು ಸೇರೂದಿಲ್ಲ. ಮೊದಲಿಂದನೂ ಸೇರೂದಿಲ್ಲ.”

ನಾನು ಕೈಗಳ ಮೇಲಿಂದ ಎದ್ದೇಬಿಟ್ಟೆ. “ಇಪ್ಪತ್ತೊಂಬತ್ತು ವರ್ಷ ಬಡಿದೆಯಲ್ಲ ಮತ್ತ?”

“ನೀವು ತಿಂತಿದ್ರಿ, ನಾ ಬಡೀತಿದ್ದೆ. ಯಾರರೆ ಒಂದು ಸಲಾ ಕೇಳೀರೇನು?”

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದ ಮೇಲೆ ಸಿಂಕಿನ ಮುಂದೆ ನಿಂತು ಈ ಸಂಗತಿ ತಿಳಿದುಕೊಂಡ ಗಂಡ ನಾನೊಬ್ಬನೇ ಇರಲಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ರೇಣುಕಾ ಮಾತ್ರ ನಗು ತಡೆಯಲಾರದೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. “ಅರೇ ದೇವಾ! ತಪ್ಪು ನಂದಽ ಕಾಕು. ನಿಮ್ಮನ್ನ ಕೇಳೂದು ಬಿಟ್ಟು ನಿಮ್ಮ ಗಂಡನ್ನ ಕೇಳಿದ್ನಿ” ಎಂದು ಎರಡೂ ಕಿವಿ ಹಿಡಿದುಕೊಂಡಳು. ಗಿರಿಜಾ ಕೂಡ ನಕ್ಕಳು. ಆ ನಗು ಕೇಳಿ ನನಗೆ ಕಣ್ಣು ತುಂಬಿ ಬಂತು. ರೊಟ್ಟಿಯ ಅವಮಾನವೆಲ್ಲ ಮರೆತೇಹೋಯಿತು.

ಆದರೆ ಏನು ಸೇರುತ್ತದೆ ಎಂದು ಕೇಳಿದರೆ ಗಿರಿಜಾಗೂ ಹೇಳಲು ಬರಲಿಲ್ಲ. “ಏನೋ, ಯಾರಿಗೆ ಗೊತ್ತು” ಎಂದು ಸುಮ್ಮನಾಗುತ್ತಿದ್ದಳು. ಉತ್ತರ ಸಿಕ್ಕಿದ್ದು ನನ್ನ ಬದನೆಕಾಯಿಯಿಂದ. ಅವಳು ಕಾಯಿಲೆ ಬಿದ್ದಾಗಿನಿಂದ ತರಕಾರಿ ತರುವವನು ನಾನು. ಅಂದು ಸಂಚಿಯನ್ನು ಮೇಜಿನ ಮೇಲೆ ಸುರುವಿದೆ. ಗಿರಿಜಾ ನೋಡಿದಳು. ಮುಖ ಸಿಂಡರಿಸಿದಳು. “ಥೂ, ಇದೇನ್ರಿ ಇದು” ಎನ್ನುತ್ತ ಒಂದು ಹುಳುಕು ಬದನೆಕಾಯಿಯನ್ನು ತಳ್ಳಿದಳು. ತಳ್ಳಿದ್ದು ಬಲಗೈ! ಸೆರಗಿನೊಳಗಿಂದ ಬರೀ ಒಂದು ಗೇಣು ಹೊರಗೆ ಬಂದಿತ್ತು, ಬೆರಳು ಬಿಚ್ಚಿರಲಿಲ್ಲ, ಮುಷ್ಟಿಯಿಂದ ನೂಕಿದ್ದಳು. ಅವಳಿಗೇ ಗೊತ್ತಾಗಲಿಲ್ಲ. ನಾನು ಕೂಗಬೇಕು ಎನ್ನುವಷ್ಟರಲ್ಲಿ ರೇಣುಕಾ ನನ್ನ ಕಾಲು ತುಳಿದಳು.

ಮರುದಿನ ಆಕೆ ನನಗೆ ಗುಟ್ಟಾಗಿ ಆಜ್ಞೆ ಮಾಡಿದಳು: “ಕಾಕಾ, ಇನ್ನ ಮ್ಯಾಲ ಕೆಟ್ಟ ಭಾಜಿ ತರ್ರಿ. ಅಗದೀ ಕೆಟ್ಟದ್ದು.” ನನಗೆ ಅದಕ್ಕೇನೂ ವಿಶೇಷ ಪ್ರಯತ್ನ ಬೇಕಿರಲಿಲ್ಲ. ಬಲಿತ ಬೆಂಡೆ, ಬಾಡಿದ ಮೆಂತ್ಯ, ಮೊಳಕೆ ಬಂದ ಉಳ್ಳಾಗಡ್ಡಿ. ಗಿರಿಜಾ ದಿನಾ ಬೆಳಿಗ್ಗೆ ನನ್ನ ವಂಶವನ್ನೆಲ್ಲ ಉದ್ಧಾರ ಮಾಡುತ್ತ ಅವನ್ನು ಬೇರ್ಪಡಿಸುವಳು. ಬಲಗೈ ದಿನಕ್ಕೊಂದು ಅಂಗುಲ ಮುಂದೆ ಸರಿಯತೊಡಗಿತು. ಒಂದು ದಿನ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಹಸಿಮೆಣಸಿನಕಾಯಿ ನಿಂತಿತು. ಆ ದಿನ ಹೊರಗಿನಿಂದ ಜಿಲೇಬಿ ತಂದೆ.

ಆಗ ಹೊರಬಿತ್ತು ಗಿರಿಜಾಳ ನಿಜವಾದ ಪ್ರೀತಿ: ಬಾಜಾರು. ನಮ್ಮ ಕಾಲೊನಿಯ ಹಿಂದಿನ ತರಕಾರಿ ಬಾಜಾರಿನಲ್ಲಿ ಸಟಾಣಾ ಕಡೆಯ ಮಂದಾಬಾಯಿ ಎಂಬಾಕೆ ಕೂರುತ್ತಿದ್ದಳು. ಅವಳಿಗೂ ಗಿರಿಜಾಗೂ ನಾಲ್ಕು ವರ್ಷದಿಂದ ವಾರಕ್ಕೆ ಎರಡು ಜಗಳ. ದರಕ್ಕಲ್ಲ, ಕೊಸರಿಗೆ. ತೂಕ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿಯೋ ನಾಲ್ಕು ಮೆಣಸಿನಕಾಯಿಯೋ ಮೇಲೆ ಹಾಕಿಸಿಕೊಳ್ಳದಿದ್ದರೆ ಗಿರಿಜಾಗೆ ಬಾಜಾರು ಮಾಡಿದ ಹಾಗೆಯೇ ಅಲ್ಲ. “ಆಕಿ ಕೂಡ ಜಗಳಾ ಆಡಿ ಬಂದ್ರ ಮೈ ಹಗುರಾಗತಿತ್ತು” ಎಂದು ಅವಳು ಒಂದು ದಿನ ಅಂದದ್ದೇ ತಡ, ರೇಣುಕಾ, “ಚಲಾ ಕಾಕು, ಹೋಗೂಣು” ಎಂದು ಎದ್ದಳು. ಗಿರಿಜಾ ನಾಲ್ಕು ದಿನ ಸತಾಯಿಸಿದಳು. ಮಂದಿ ನೋಡ್ತಾರ, ಅಂದಳು. ಸೀರಿ ಸರಿ ಇಲ್ಲ, ಅಂದಳು. ಐದನೆಯ ದಿನ ಮೂವರೂ ಹೊರಟೆವು. ಸಂಚಿ ಹಿಡಿಯಲು ನನಗೆ ಅಪ್ಪಣೆ ಇರಲಿಲ್ಲ.

ಆ ದಿನ ಕೆಟ್ಟುಹೋಯಿತು. ಮಂದಾಬಾಯಿ “ಯಾ ವೈನಿ, ಯಾ” ಎಂದು ಅತ್ತಿಗೆಯನ್ನು ಕರೆದಂತೆ ಕರೆಯುತ್ತ ಎದ್ದು ಬಂದು, ಗಿರಿಜಾಳ ಗಲ್ಲ ಸವರಿ, ಆರಿಸಿ ಆರಿಸಿ ಒಳ್ಳೆಯ ಕಾಯಿಗಳನ್ನು ತಾನೇ ಸಂಚಿಗೆ ಹಾಕಿದಳು. ಕೇಳದೆಯೇ ಎರಡು ಕಟ್ಟು ಕೊತ್ತಂಬರಿ ಮೇಲೆ ಇಟ್ಟಳು. ಗಿರಿಜಾಳ ಬಲಗೈ ಸೆರಗಿನಿಂದ ಹೊರಗೆ ಬರಲೇ ಇಲ್ಲ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅತ್ತಳು. “ಕೇಳದನಽ ಕೊಸರು ಕೊಟ್ಟಳು. ನಾ ಅಷ್ಟು ಬಡವಿ ಆಗೇನೇನ್ರಿ? ಇನ್ನ ನಾ ಹೋಗೂದಿಲ್ಲ.” ರೇಣುಕಾ ಸ್ಕೂಟರ್ ತಿರುಗಿಸಿ ಬಾಜಾರಿನ ಕಡೆ ಹೋದಳು.

ಅಲ್ಲಿ ಆಕೆ ಹೇಳಿದ್ದು ಆಮೇಲೆ ಮಂದಾಬಾಯಿಯಿಂದಲೇ ನನಗೆ ತಿಳಿಯಿತು. ‘ಮಾವಶಿ, ಆಕೆಯ ಮೇಲೆ ನಿಮಗೆ ಪ್ರೀತಿ ಇದ್ದರೆ ಮೋಸ ಮಾಡಿ’ ಎಂದು ಕೈ ಮುಗಿದಳಂತೆ.

ಗಿರಿಜಾಳನ್ನು ಮತ್ತೆ ಹೊರಡಿಸಲು ಎರಡು ವಾರ ಬೇಕಾಯಿತು. ಈ ಸಲ ಮಂದಾಬಾಯಿ ಏಳಲಿಲ್ಲ, ಗಲ್ಲ ಸವರಲಿಲ್ಲ. ಗಂಟು ಮುಖ ಹಾಕಿಕೊಂಡು ಬದನೆಕಾಯಿ ತೂಗಿದಳು. ತೂಗುತ್ತ ತೂಗುತ್ತ, ನಮ್ಮೆಲ್ಲರ ಕಣ್ಣೆದುರಿಗೇ, ದೊಡ್ಡ ತೂತಿದ್ದ ಒಂದು ಹುಳುಕು ಕಾಯಿಯನ್ನು ತಟ್ಟೆಗೆ ಜಾರಿಸಿದಳು. ಗಿರಿಜಾ ನೋಡಿಯೇ ನೋಡಿದಳು. “ಏ ಮಂದಾಬಾಯಿ!” ಎಂದು ಕೂಗಿದಳು. ಸೆರಗು ಸರಿಯಿತು. ಬಲಗೈ ಹೊರಗೆ ಬಂದು, ತಟ್ಟೆಯ ಮೇಲೆ ಹೋಗಿ, ಆ ಕಾಯಿಯ ತೊಟ್ಟನ್ನೇ ಹಿಡಿಯಿತು. ಎತ್ತಿ ಮಂದಾಬಾಯಿಯ ಮುಖದ ಮುಂದೆ ಹಿಡಿದು, “ಹೇ ಕಾಯ್? ಇದೇನಿದು? ನನ್ನ ಕಣ್ಣೇನು ಹೋಗ್ಯಾವ ಅಂತ ತಿಳಿದೀ?” ಎಂದು ಮರಾಠಿ ಕನ್ನಡ ಎರಡೂ ಕಲಸಿ ಬೈಯತೊಡಗಿದಳು. ಬಾಜಾರಿಗೆ ಬಾಜಾರೇ ತಿರುಗಿ ನೋಡುತ್ತಿತ್ತು. ಕೈ ಗಡಗಡ ನಡುಗುತ್ತಿತ್ತು, ಆದರೂ ಕಾಯಿ ಬೀಳಲಿಲ್ಲ. ಮಂದಾಬಾಯಿಯೂ ಸುಮ್ಮನೆ ಬಿಡುವವಳಲ್ಲ, ಸರಿಯಾಗಿ ತಿರುಗಿ ಬೈದಳು. ಕೊನೆಗೆ ಗಿರಿಜಾ ಕೇಳಿ, ಕಾಡಿ, ಒಂದು ಹಿಡಿ ಕೊತ್ತಂಬರಿ ಕೊಸರು ಗೆದ್ದುಕೊಂಡಳು. ರೇಣುಕಾ ಪಕ್ಕದ ನಿಂಬೆಹಣ್ಣಿನ ಬುಟ್ಟಿಯ ಹಿಂದೆ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಅಲ್ಲಿಂದ ದಾರಿ ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ರವಿಕೆಯ ಹುಕ್ಕು ಹಾಕಲು ಆರು ವಾರ ಹಿಡಿಯಿತು. ಉಣ್ಣುವಾಗ ಅರ್ಧ ಅನ್ನ ಮಡಿಲಿಗೆ. ಆದರೆ ಬಾಗಿಲು ತೆರೆದಿಟ್ಟುಕೊಂಡೇ ಉಣ್ಣುತ್ತಿದ್ದಳು, ನನ್ನ ಮುಂದೆ ಮತ್ತು ರೇಣುಕಾಳ ಮುಂದೆ. ಗುರುತಿಲ್ಲದವರ ಪಂಕ್ತಿಯಲ್ಲಿ ಕೂರಲು ಮಾತ್ರ ಇನ್ನೂ ಒಲ್ಲೆ ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ನನಗೆ ಬಂತು. ಮೊದಲು ಭಾರತದ ನಕಾಶೆಯ ಹಾಗೆ ಬರುತ್ತಿತ್ತು, ಈಗ ಗುಂಡಗೆ ಬರುತ್ತದೆ. ಒಂದು ದಿನ ರೇಣುಕಾ, “ಕಾಕು, ನನಗ ಇಲ್ಲಿ ಏನೂ ಕೆಲಸ ಉಳಿದಿಲ್ರಿ” ಎಂದು ಡಿಕ್ಕಿಯ ಸಾಮಾನೆಲ್ಲ ಎಣಿಸಿ ತುಂಬಿಕೊಂಡಳು. ಛತ್ರಪತಿ ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಕಲಿಸುವ ನೌಕರಿ ಸಿಕ್ಕಿತ್ತು. ಹೋಗುವ ಹಿಂದಿನ ದಿನ ಬಂದು ಎರಡು ಕಪ್ಪು ಚಹಾ ಕುಡಿದಳು. ಎರಡನ್ನೂ ಗಿರಿಜಾ ಮಾಡಿಕೊಟ್ಟಳು.

ಆಮೇಲೆ ಆಕೆಯನ್ನು ನಾವು ಕಂಡದ್ದು ಒಂದೇ ಸಲ. ನಾನು ನಿವೃತ್ತನಾಗಿ ವಿಜಯಪುರಕ್ಕೆ ಹಿಂತಿರುಗುವ ಮುಂಚೆ ಗಿರಿಜಾ ಹಟ ಹಿಡಿದಳು, ಆ ಹುಡುಗಿಯನ್ನು ನೋಡದೆ ಹೋಗುವುದಿಲ್ಲ ಎಂದು. ನಾನು ಬಡಿದ ರೊಟ್ಟಿ, ಅವಳು ಮಾಡಿದ ತುಂಬುಗಾಯಿ ಬದನೆಪಲ್ಯ ಕಟ್ಟಿಕೊಂಡು ಬಸ್ಸಿನಲ್ಲಿ ಸಂಭಾಜಿನಗರಕ್ಕೆ ಹೋದೆವು. ಬಾಗಿಲು ತೆರೆದ ರೇಣುಕಾಳನ್ನು ನೋಡಿ ಇಬ್ಬರೂ ಹೊಸ್ತಿಲಲ್ಲೇ ನಿಂತೆವು. ಬಲಗೈ ಬೆರಳಿನ ಬುಡದಿಂದ ಮೊಣಕೈ ದಾಟುವವರೆಗೆ ಪ್ಲಾಸ್ಟರಿನಲ್ಲಿತ್ತು.

“ಏನಿಲ್ರಿ ಕಾಕಾ. ಸಿಲ್ಲೋಡ್ ಕಡೆ ಪೇಷಂಟ್ ಒಬ್ಬರ ಮನಿಗೆ ಹೋಗಿದ್ನಿ. ರಸ್ತಾದ ಮ್ಯಾಲ ಮೆಕ್ಕಿಜ್ವಾಳ ಒಣಾ ಹಾಕಿದ್ರು, ಸ್ಕೂಟರ್ ಜಾರ್ತು. ಅವ್ವಗ ಹೇಳೀಲ್ಲ, ನೀವೂ ಹೇಳಬ್ಯಾಡ್ರಿ.” ತಾಯಿ ಆಗ ಯಾದಗಿರಿಗೆ ಹೋಗಿದ್ದರು. ಹತ್ತು ದಿನದಿಂದ ಒಬ್ಬಳೇ ಎಲ್ಲ ಎಡಗೈಯಿಂದ ಮಾಡಿಕೊಳ್ಳುತ್ತಿದ್ದಳು. ನಗು ಮಾತ್ರ ಹಾಗೆಯೇ ಇತ್ತು.

ಊಟಕ್ಕೆ ಕುಳಿತಾಗ ಮನೆಯ ಮಾಲಕಿ ಮತ್ತು ಆಕೆಯ ಇಬ್ಬರು ಸೊಸೆಯರು ಬೇಳೆಯ ವರಣ, ಅನ್ನ ತಂದು ಜೊತೆಗೆ ಕುಳಿತರು. ನಮಗೆ ಯಾರೂ ಗುರುತಿನವರಲ್ಲ. ಗಿರಿಜಾಳ ಕೈ ಸೆರಗಿನ ಕಡೆ ಸರಿಯಿತು, ನಾನು ನೋಡಿದೆ. ಹಸಿವಿಲ್ಲ ಎನ್ನುತ್ತಾಳೆ, ಎಂದುಕೊಂಡೆ. ರೇಣುಕಾ ಎಡಗೈಯಲ್ಲಿ ಚಮಚ ಹಿಡಿದು ಬದನೆಕಾಯಿಯನ್ನು ತಟ್ಟೆಯ ತುಂಬ ಓಡಾಡಿಸುತ್ತಿದ್ದಳು. ಎರಡು ಸಲ ಜಾರಿತು, ಆಕೆ ನಕ್ಕಳು. ಮೂರನೆಯ ಸಲ ಜಾರಿ ನೆಲಕ್ಕೆ ಬಿತ್ತು. ಚಮಚ ಕೆಳಗಿಟ್ಟಳು. ಆ ಹುಡುಗಿಯ ಮುಖ ಸಪ್ಪಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು. “ಹತ್ತು ದಿನಾ ಆತ್ರಿ ಕಾಕು, ಹೊಟ್ಟಿ ತುಂಬ ಉಂಡಿಲ್ಲ” ಎಂದಳು, ಮೆಲ್ಲಗೆ.

ಗಿರಿಜಾ ಆಕೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಲ್ಲರೂ ನೋಡುತ್ತಿದ್ದಂತೆ ಬಲಗೈಯಿಂದ ರೊಟ್ಟಿ ಮುರಿದು, ಪಲ್ಯದೊಳಗೆ ಒತ್ತಿ, ತುತ್ತು ಮಾಡತೊಡಗಿದಳು. ಬೆರಳುಗಳು ಒಂದೊಂದಾಗಿ ಮಡಚಿದವು. ಮಾಲಕಿ ಚಮಚ ಕೊಡಲೇ ಎಂದು ಮರಾಠಿಯಲ್ಲಿ ಕೇಳಿದಳು. “ನಕೋ, ಬ್ಯಾಡ” ಎಂದಳು ಗಿರಿಜಾ, ತಲೆ ಎತ್ತದೆ.

“ಕಾಕು, ನಾನಽ ಉಣ್ತೀನ್ರಿ. ಹಿಂಗ ಉಣಸಬಾರದು ಅಂತ ನಿಮಗ ನಾನಽ ಹೇಳಿಲ್ಲೇನ್ರಿ…”

“ನಾಳಿಂದ ನೀನಽ ಉಣ್ಣು. ಇವತ್ತ ಸುಮ್ಮನ ಬಾಯಿ ತೆಗಿ.”

ಕೈ ಎದ್ದಿತು. ನಡುವೆ ಒಮ್ಮೆ ನಿಂತಿತು, ನಡುಗಿತು, ಮಣಿಕಟ್ಟು ಓರೆಯಾಗಿ ಮಸಾಲೆ ರೇಣುಕಾಳ ಗದ್ದಕ್ಕೆ ಮೆತ್ತಿತು. ರೇಣುಕಾ ಬಾಯಿ ತೆರೆದಳು. ತುತ್ತು ಒಳಗೆ ಹೋಯಿತು. ಆಕೆ ಬಹಳ ಹೊತ್ತು ಅಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಹೇಳಿದಳು, “ಕಾಕು, ಇನ್ನೊಂದು ತುತ್ತು.”